ಕಾಕಾ ಅಲ್ಲ, ಮಾಮಾ ಅನ್ನು

"ಕೂಸಿನ ಕೈ ಬಿಡ್ರಿ…"

ಕಲ್ಲೋಳಿಯ ಸರ್ಕಲ್ಲಿನಲ್ಲಿ ಬಸ್ಸಿನಿಂದ ಇಳಿದವಳೇ ವಿದ್ಯಾ ಓಡಿ ಬಂದಿದ್ದಳು. ಶಾಲೆಯ ಹಳದಿ ವ್ಯಾನಿನ ಬಾಗಿಲಲ್ಲಿ ನಿಂತಿದ್ದ ಆ ಯುವಕ ಅವಳ ಐದು ವರ್ಷದ ಮಗಳು ನಂದಿನಿಯ ಕೈ ಹಿಡಿದಿದ್ದ. ವಿದ್ಯಾ ಕೂಗಿದರೂ ಅವನು ಕೈ ಬಿಡಲಿಲ್ಲ.

"ನೀವು ಯಾರ್ರಿ?"

"ಅಕಿ ಅವ್ವ."

"ದಿನಾ ಒಬ್ಬ ಅಜ್ಜಿ ಬರ್ತಾಳ. ನಿಮ್ಮನ್ನ ನಾ ನೋಡೇ ಇಲ್ಲ. ಅಜ್ಜಿ ಬರೂತನಾ ಕೂಸಿನ್ನ ಯಾರ ಕೈಯಾಗೂ ಕೊಡೂದಿಲ್ರಿ ಬಾಯಾರ."

ಹೆತ್ತ ಮಗಳನ್ನೇ ತನಗೆ ಕೊಡುವುದಿಲ್ಲ ಎನ್ನುತ್ತಾನಲ್ಲ! ವಿದ್ಯಾಳ ಮೈಯೆಲ್ಲ ಉರಿಯಿತು. ಅವನು ಮಂಡಿಯೂರಿ ಕುಳಿತು, ಇವರು ಯಾರು ಎಂದು ನಂದಿನಿಯನ್ನೇ ಕೇಳಿದ.

ನಂದಿನಿ ತಾಯಿಯ ಮುಖ ನೋಡಿದಳು. ಬಾಯಿ ಮಾತ್ರ ತೆರೆಯಲಿಲ್ಲ. ಏನನ್ನೋ ಕಂಡು ಹೆದರಿದ ಮರಿಯಂತೆ ಅವನ ಬೆನ್ನ ಹಿಂದೆ ಸರಿದಳು.

ಅಷ್ಟರಲ್ಲಿ ವಿದ್ಯಾಳ ಅಜ್ಜಿ ಗುಡ್ಡವ್ವ ಕೋಲೂರಿಕೊಂಡು ಕುಂಟುತ್ತಾ ಬಂದಳು.

"ಏ ತಮ್ಮಾ, ಅಕಿ ಹಡದಾಕಿನ ಐತಿ, ಕೊಡು. ಸಿಟ್ಟ ಬಂದಾಗ ಮಾರಿ ಹಂಗ ಕಾಣತೈತಿ, ನೀ ಅಂಜಬ್ಯಾಡ."

ಅವನು ನಗಲಿಲ್ಲ. ತನ್ನ ಹೆಸರು ಲಖನ, ವ್ಯಾನು ಓಡಿಸುವವನು ಎಂದು ಹೇಳಿ, ವಿದ್ಯಾಳನ್ನು ಬದಿಗೆ ಕರೆದು, ಮಗುವಿಗೆ ಕೇಳಿಸದ ಹಾಗೆ ಮಧ್ಯಾಹ್ನ ನಡೆದದ್ದನ್ನು ಹೇಳಿದ. ಮೂಡಲಗಿಯಲ್ಲಿ ಶಾಲೆಯ ಗೇಟಿಗೆ ಒಬ್ಬ ಬೈಕಿನಲ್ಲಿ ಬಂದಿದ್ದನಂತೆ. ಹಣೆಯ ತುಂಬ ದೇವರ ಭಂಡಾರದ ಅರಿಶಿನ ಪುಡಿ. ನಾನು ಈ ಹುಡುಗಿಯ ಕಾಕಾ, ಊರಿಗೆ ಕರೆದುಕೊಂಡು ಹೋಗುತ್ತೇನೆ ಎಂದನಂತೆ.

"ಈ ಗೇಟಿನ್ಯಾಗ ನಿಂತವ್ರೆಲ್ಲಾ ಕಾಕಾನ ಅದೇವಪಾ, ನಾನೂ ಕಾಕಾನ, ನೀ ಯಾವ ಕಾಕಾ ಅಂದ್ನಿ. ನಕ್ಕೊಂತ ಹ್ವಾದ. ಹೋಗೂ ಮುಂದ ಕೂಸಿನ ಗಲ್ಲಾ ಹಿಡದು, ಮತ್ತ ಬರ್ತೀನಿ ಅಂದ್ನರಿ."

ವಿದ್ಯಾ ತಿರುಗಿ ಮಗಳ ಕಡೆ ನೋಡಿದಳು.

ಮಾಲಿಂಗ… ಅವನು ಹುಡುಕಿಕೊಂಡು ಬಂದೇಬಿಟ್ಟ.

ಗಂಡ ಅರ್ಜುನ ಸಂಕೇಶ್ವರದ ಹೆದ್ದಾರಿಯಲ್ಲಿ ತೀರಿಕೊಂಡ ಮೇಲೆ, ಹುಕ್ಕೇರಿ ಕಡೆಯ ಆ ಕುರಿಹಟ್ಟಿಯ ಮನೆಯಲ್ಲಿ ವಿದ್ಯಾ ಒಂದು ವರ್ಷ ಉಸಿರು ಬಿಗಿಹಿಡಿದು ಬದುಕಿದ್ದಳು. ಹೊರಟ ದಿನ ಅತ್ತೆ ಶೆಟ್ಟೆವ್ವ ಹೊಸ್ತಿಲಲ್ಲಿ ನಿಂತು ಹೇಳಿದ ಮಾತು ಇನ್ನೂ ಕಿವಿಯಲ್ಲಿತ್ತು. ನೀ ಹೋದರೆ ಹೋಗು, ಕೂಸು ನಮ್ಮದು, ಇಂದಿಲ್ಲ ನಾಳೆ ತಂದೇ ತರುತ್ತೇವೆ. ಅತ್ತೆಯ ಹಿಂದೆ ಮೈದುನ ಮಾಲಿಂಗ, ನಂದಿನಿಗೆ ನಿಜವಾಗಿಯೂ ಕಾಕಾ ಆಗಬೇಕಾದವನು, ಹಣೆಯ ತುಂಬ ಭಂಡಾರ ಬಳಿದುಕೊಂಡು ನಿಂತಿದ್ದ.

ಈಗ ವಿದ್ಯಾ ಗೋಕಾಕದ ಒಂದು ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಬೆಳಗಾದರೆ ತಾಯಿಯ ಬಸ್ಸು ಗೋಕಾಕದ ಕಡೆಗೆ, ಮಗಳ ವ್ಯಾನು ಮೂಡಲಗಿಯ ಕಡೆಗೆ. ಒಂದೇ ರಸ್ತೆ, ಬೆನ್ನಿಗೆ ಬೆನ್ನು ಮಾಡಿ ಹೊರಡುವ ಎರಡು ಗಾಡಿಗಳು. ಸಂಜೆಯವರೆಗೆ ನಡುವೆ ಏನು ಬೇಕಾದರೂ ಆಗಬಹುದು…

ಆ ಸಂಜೆ ಒಲೆಯ ಮುಂದೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು.

"ಯಾರರ ನಾ ಕಾಕಾ ಅಂತ ಬಂದ್ರ ಮಾತಾಡಬ್ಯಾಡ. ಏನ ಕೊಟ್ರೂ ಇಸ್ಕೋಬ್ಯಾಡ. ಅವ್ರ ಜೋಡಿ ಹೋಗಬ್ಯಾಡ. ತಿಳೀತಾ?"

"ವ್ಯಾನ್ ಕಾಕಾನ ಜೋಡಿ?"

ವಿದ್ಯಾ ತಡವರಿಸಿದಳು. ಹೌದಲ್ಲ, ಅವನೂ ಕಾಕಾ. ಅವನೊಬ್ಬನಿಗೆ ಬೇರೆ ಹೆಸರು ಬೇಕು. ಮಗು ಎಂದೂ ತಪ್ಪದ ಹೆಸರು.

"ಅವ್ರಿಗೆ ಕಾಕಾ ಅಲ್ಲ, ಮಾಮಾ ಅನ್ನು. ಅವ್ರೊಬ್ರ ಮಾಮಾ. ಅವ್ರ ಜೋಡಿ ಅಷ್ಟ ಬಾ."

ಅಂಜಿಕೆಯಲ್ಲಿ ಆಡಿದ ಮಾತು ಅದು. ಮಾಮಾ ಎಂದರೆ ತಾಯಿಯ ಒಡಹುಟ್ಟಿದವನು ಎಂಬುದು ಆ ಗಳಿಗೆಯಲ್ಲಿ ಅವಳ ಮನಸ್ಸಿಗೆ ಬರಲೇ ಇಲ್ಲ.

ಮರುದಿನ ನಂದಿನಿ ವ್ಯಾನು ಹತ್ತುತ್ತಾ ಮಾಮಾ ಎಂದಾಗ ಲಖನ ಹಿಡಿದಿದ್ದ ಬಾಗಿಲನ್ನು ಹಾಗೇ ಬಿಟ್ಟು ತಿರುಗಿದ. ಬಾಗಿಲಲ್ಲಿ ನಿಂತ ವಿದ್ಯಾಳನ್ನು ನೋಡಿದ. ನಿನ್ನೆ ಉರಿದುಬಿದ್ದ ಆ ಕಣ್ಣುಗಳು ಅವನ ನಿದ್ದೆ ಕೆಡಿಸಿದ್ದವು. ಈಗ ಆ ಕಣ್ಣುಗಳ ಒಡತಿ ಮಗಳ ಬಾಯಿಂದ ತನ್ನನ್ನು ಒಡಹುಟ್ಟಿದವನೆಂದು ಕರೆಸಿದ್ದಳು. ಆಗಲಿ ಎಂದುಕೊಂಡ. ಅಂದಿನಿಂದ ಅವನ ಮಾತಿನಲ್ಲಿ ಬಾಯಾರ ಎಂಬ ಮರ್ಯಾದೆ ಹೋಗಿ ಅಕ್ಕಾರ ಆಯಿತು.

ದಿನಾ ಶಾಲೆ ಬಿಟ್ಟ ಕೂಡಲೇ ಅವನ ಫೋನು ಬರುತ್ತಿತ್ತು. "ವ್ಯಾನ್ ಹತ್ಯಾಳ್ರಿ ಅಕ್ಕಾರ." ಅಷ್ಟೇ ಮಾತು. ಆ ಒಂದು ಮಾತಿಗಾಗಿ ವಿದ್ಯಾ ಮಧ್ಯಾಹ್ನದಿಂದಲೇ ಫೋನನ್ನು ಕಣ್ಣೆದುರಿಗೆ ಇಟ್ಟುಕೊಂಡಿರುತ್ತಿದ್ದಳು. ಮಗಳು ಕ್ಷೇಮ ಎಂಬ ನೆಮ್ಮದಿಯೋ, ಆ ದನಿಯೋ? ಕೇಳಿಕೊಳ್ಳಲು ಅವಳಿಗೇ ಭಯ.

ಆದರೆ ಮಗಳು ಕ್ಷೇಮವಾಗಿರಲಿಲ್ಲ.

ಒಂದು ದಿನ ನಂದಿನಿಯ ಹಣೆಯ ಮೇಲೆ ಹಳದಿ ಭಂಡಾರದ ಗುರುತಿತ್ತು. ಎಷ್ಟು ತೊಳೆದರೂ ಚರ್ಮದಲ್ಲಿ ಬಣ್ಣ ಉಳಿಯಿತು. ಯಾರು ಹಚ್ಚಿದರು ಎಂದು ಕೇಳಿದರೆ ನಂದಿನಿ ಕೈಯಿಂದ ಹಣೆ ಮುಚ್ಚಿಕೊಂಡಳು. ಮತ್ತೊಂದು ದಿನ ಚೀಲದಲ್ಲಿ ಹಸಿರು ಗಾಜಿನ ಪುಟ್ಟ ಬಳೆಗಳು. ಶಾಲೆಯ ಕಾಂಪೌಂಡಿನ ಆಚೆಯಿಂದ ಯಾರೋ ಕೈ ಚಾಚುತ್ತಿದ್ದರು. ಇನ್ನೂ ಹತ್ತಿರ ಬರುತ್ತಿದ್ದರು.

ತರಗತಿಯ ಕಸ್ತೂರಿ ಟೀಚರ್ ಕರೆಸಿ ಹೇಳಿದ್ದು ಇನ್ನೂ ಕೆಟ್ಟದ್ದು. ಹುಡುಗಿ ಇಡೀ ದಿನ ಒಂದು ಗುಟುಕು ನೀರು ಕುಡಿಯುವುದಿಲ್ಲವಂತೆ.

"ಯಾಕ ಅಂತ ಕೇಳಿದೆ. ನೀರ ಕೊಡಾಂವ ಸಿಪಾಯಿ ಕಾಕಾ ಅಂತ ಅಂದ್ಳು. ಕಾಕಾ ಅಂದವ್ರ ಕೈಯಾಗಿಂದ ಏನೂ ಇಸ್ಕೋಬಾರದಂತಲ್ಲ, ಅವ್ವ ಹೇಳ್ಯಾಳಂತ?"

ಗುಡ್ಡವ್ವ ಹೇಳುವ ಕಥೆಯೊಂದರಲ್ಲಿ ರಕ್ಕಸಿ ತಾಯಿಯ ದನಿ ಕಲಿತು ಬಂದು ಬಾಗಿಲು ಬಡಿಯುತ್ತಾಳೆ. ಅಂಥ ದನಿಗೆ ಅಂಜು ಎಂದು ಕಲಿಸಲು ಹೋಗಿ ವಿದ್ಯಾ ಮಗಳ ಗಂಟಲನ್ನೇ ಒಣಗಿಸಿದ್ದಳು.

ಇದರ ನಡುವೆ ಪಂಚಮಿ ಬಂತು. ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ನೆನೆಯುವ ಹಬ್ಬ. ಲಖನ ಬಾಗಿಲಿಗೆ ಬಂದು ಒಂದು ಡಬ್ಬಿ ಚಾಚಿದ. ಅವನ ಮುಖದಲ್ಲಿ ಹಬ್ಬದ ಕಳೆ ಇರಲಿಲ್ಲ.

"ನಮ್ಮವ್ವ ಉಂಡಿ ಕೊಟ್ಟ ಕಳಸ್ಯಾಳ್ರಿ. ಪಂಚಮಿ ಐತಿ, ಅಕ್ಕಗ ಮುಟ್ಟಿಸಿ ಬಾ ಅಂತ."

ವಿದ್ಯಾ ಡಬ್ಬಿ ತೆಗೆದುಕೊಂಡಳು. ಅಕ್ಕ… ಇವರ ಮನಸ್ಸಿನಲ್ಲಿ ನಾನು ಅಷ್ಟೇ ಏನು? ಎದುರಿಗಿದ್ದವನೂ ಅದನ್ನೇ ಯೋಚಿಸುತ್ತಿದ್ದ. ಇಬ್ಬರೂ ನಕ್ಕಂತೆ ಮಾಡಿದರು. ಒಳಗಿನಿಂದ ನೋಡುತ್ತಿದ್ದ ಗುಡ್ಡವ್ವ ಮಾತ್ರ, ಇದೆಂಥ ಪಂಚಮಿಯೋ, ಇಬ್ಬರ ಮಾರಿಯೂ ಅಮಾಸಿಯ ಹಾಗೆ ಅದಾವು ಎಂದು ಗೊಣಗಿದಳು.

ಹಬ್ಬ ಕಳೆದ ವಾರ, ಶಾಲೆ ಬಿಡುವ ಹೊತ್ತಿಗೆ ಫೋನು ಬಂತು. ಆ ಒಂದು ಮಾತು ಬರಲಿಲ್ಲ.

"ಅಕ್ಕಾರ… ನಂದಿನಿ ಗೇಟಿನ್ಯಾಗ ಇಲ್ರಿ."

ವಿದ್ಯಾಳ ಕೈಯಲ್ಲಿದ್ದ ಗಾಜಿನ ನಳಿಕೆ ನೆಲಕ್ಕೆ ಬಿದ್ದು ಒಡೆಯಿತು.

ಗೇಟಿನಲ್ಲಿದ್ದ ಮಕ್ಕಳು ನೋಡಿದ್ದರು. ಬೈಕಿನವನು ಈ ಸಲ ಕಾಕಾ ಎನ್ನಲೇ ಇಲ್ಲವಂತೆ. "ಮಾಮಾ ಕಳಸ್ಯಾನು, ಬಾ" ಎಂದನಂತೆ. ಅದೊಂದು ಮಾತಿಗೆ ನಂದಿನಿ ತಾನಾಗಿಯೇ ಹೋಗಿ ಬೈಕು ಹತ್ತಿದ್ದಳು. ಮಗಳಿಗೆ ಕೊಟ್ಟಿದ್ದ ಒಂದೇ ಒಂದು ನಂಬಿಕೆಯ ಮಾತನ್ನೂ ಅವನು ಕಲಿತುಬಿಟ್ಟಿದ್ದ.

ಮೂಡಲಗಿಯಿಂದ ಹುಕ್ಕೇರಿಗೆ ಹೋಗುವವನು ಕಲ್ಲೋಳಿ ದಾಟಿ ಗೋಕಾಕಕ್ಕೆ ಬರಲೇಬೇಕು. ವಿದ್ಯಾ ಸಿಕ್ಕ ಬಸ್ಸು ಹತ್ತಿ, ಎದುರು ಬರುವ ಬೈಕುಗಳನ್ನೆಲ್ಲ ಕಿಟಕಿಯಿಂದ ನೋಡುತ್ತಾ ನಿಂತಳು. ಕಬ್ಬಿನ ಗದ್ದೆಗಳ ನಡುವೆ ರಸ್ತೆ ಮುಗಿಯಲೊಲ್ಲದು.

ಕಲ್ಲೋಳಿಯ ಸರ್ಕಲ್ಲಿನಲ್ಲಿ ಜನ ಸೇರಿದ್ದರು. ಲಖನ ಫೋನು ಮಾಡಿದ ಕೂಡಲೇ ಗುಡ್ಡವ್ವ ಬಂದು, ನೋಯುವ ಮೊಣಕಾಲು ಚಾಚಿ ನಡುರಸ್ತೆಯಲ್ಲಿ ಕೂತುಬಿಟ್ಟಿದ್ದಳು. ಅವಳೆದುರಿಗೆ ಮಾಲಿಂಗನ ಬೈಕು. ಬೈಕಿನ ಹಿಂದೆ ಲಖನನ ವ್ಯಾನು.

"ಹಾಯಿಸ್ಕೊಂಡ ಹೋಗ್ತೀಯೇನು, ಹೋಗು. ವಯಸ್ಸಾಗೇತಿ ನನಗ, ನಿನಗ ಪಾಪ ಭಾಳ ಬರೂದಿಲ್ಲ" ಎನ್ನುತ್ತಿದ್ದಳು ಗುಡ್ಡವ್ವ.

ವಿದ್ಯಾ ಓಡಿ ಹೋಗಿ ಮಗಳನ್ನು ತಬ್ಬಿಕೊಂಡಳು. ಮಾಲಿಂಗ ತಡೆಯಲಿಲ್ಲ. ಆದರೆ ಅವನ ಕಣ್ಣು ಕೆಂಪಾಗಿತ್ತು.

"ನಾ ಕಳ್ಳ ಅಲ್ಲ ವೈನಿ. ಅವ್ವಗ ಕಣ್ಣ ಮಂಜ ಆಗ್ಯಾವು. ಪೂರಾ ಹೋಗೂದ್ರಾಗ ಮೊಮ್ಮಗಳ ಮಾರಿ ನೋಡಬೇಕಂತ ಕುಂತಾಳ. ಕೇಳಿದ್ರ ನೀ ಕಳಸ್ತಿದ್ದೇನು?"

ಮಾಲಿಂಗ ಲಖನನ ಕಡೆಗೆ ತಿರುಗಿದ.

"ಇಂವ ಯಾರ? ಮಂದಿ ಮುಂದ ಹೇಳು. ಅಣ್ಣ ಅಂದ್ರ ಈಗ ಹೋಗ್ತೀನಿ. ಬ್ಯಾರೆ ಏನರ ಇದ್ರ, ನಮ್ಮಣ್ಣನ ಕೂಸು ಅಲ್ಲಿ ಬೆಳಿಯೂದಿಲ್ಲ. ಹಿರ್ಯಾರ್ನ ಕರ್ಕೊಂಡ ಬರ್ತೀನಿ."

ವಿದ್ಯಾಳ ತೋಳಿನಲ್ಲಿ ಮಗಳು ಇನ್ನಷ್ಟು ಮುದುಡಿದಳು. ಅಣ್ಣ ಎಂದರೆ ಮಗಳು ಉಳಿಯುತ್ತಾಳೆ. ಅಣ್ಣ ಅಲ್ಲ ಎಂದರೆ…

ಲಖನ ಮುಂದೆ ಬಂದ. ಅವಳನ್ನು ನೋಡಲಿಲ್ಲ.

"ಕೂಸು ನನಗ ಮಾಮಾ ಅಂತೈತಿ. ಮತ್ತೇನ ಕೇಳ್ತಿ? ನಾ ಇವರ ಅಣ್ಣ."

ಮಾಲಿಂಗ ಗುಡ್ಡವ್ವನ ಬದಿಯಿಂದ ಬೈಕು ಹಾಯಿಸಿಕೊಂಡು ಹೊರಟುಹೋದ. ಊರಿಗೆ ಊರೇ ಕೇಳಿಸಿಕೊಂಡಿತು. ಮಗಳು ಉಳಿದಳು. ಆದರೆ ವಿದ್ಯಾಳ ಒಳಗೆ ಏನೋ ಒಂದು ಸದ್ದಿಲ್ಲದೆ ಸತ್ತುಹೋಯಿತು.

ಮನೆಗೆ ಬಂದ ಮೇಲೆ ನಂದಿನಿ ತಾಯಿಯ ಸೆರಗು ಹಿಡಿದುಕೊಂಡೇ ತಿರುಗಿದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು.

"ಅವ್ವಾ, ಕಾಕಾನ ಜೋಡಿ ಹೋಗಬಾರದು. ಮಾಮಾ ಕಳಸ್ಯಾನು ಅಂದ್ರೂ ಹೋಗಬಾರದು. ಮತ್ತ ಯಾರ ಜೋಡಿ ಹೋಗ್ಲಿ?"

ಕೊಡಲು ವಿದ್ಯಾಳ ಬಳಿ ಇನ್ನೊಂದು ಹೆಸರಿರಲಿಲ್ಲ. ಹೆಸರು ಬದಲಾಯಿಸಿದರೆ ಅಂಜಿಕೆ ಹೋಗುವುದಿಲ್ಲ. ಅಂಜಿಕೆ ಇರುವ ಮನೆಗೇ ಹೋಗಬೇಕು ಎಂದು ಅವಳು ಅಂದೇ ನಿಶ್ಚಯಿಸಿದಳು.

ಭಾನುವಾರ ಲಖನ ವ್ಯಾನು ತಂದ. ವಿದ್ಯಾ ಮಗಳೊಂದಿಗೆ ಹಿಂದಿನ ಸೀಟಿನಲ್ಲಿ ಕೂತಳು. ದಾರಿಯುದ್ದಕ್ಕೂ ಅವನು ರಸ್ತೆ ಬಿಟ್ಟು ಬೇರೆಡೆ ನೋಡಲಿಲ್ಲ. ಹುಕ್ಕೇರಿ ದಾಟಿ ಹಟ್ಟಿಯ ಹತ್ತಿರ ಬಂದಾಗ ನಾಯಿಗಳು ವ್ಯಾನನ್ನು ಸುತ್ತಿಕೊಂಡು ಬೊಗಳಿದವು. ಅಂಗಳದಲ್ಲಿ ಮಾಲಿಂಗ ಕುರಿಯ ಉಣ್ಣೆ ಕತ್ತರಿಸುತ್ತಿದ್ದ. ಕೈಯಲ್ಲಿ ದೊಡ್ಡ ಕತ್ತರಿ. ಎದ್ದು ನಿಂತ.

"ನಾ ಬರ್ಲೇನ್ರಿ?" ಲಖನ ಕೇಳಿದ.

"ಬ್ಯಾಡ. ನಾ ಹೋಗಬೇಕಾದ ಬಾಗಲಾ ಇದು."

ಒಳಗೆ ಕತ್ತಲಲ್ಲಿ ಶೆಟ್ಟೆವ್ವ ಕೂತಿದ್ದಳು. ಕಣ್ಣಲ್ಲಿ ಬಿಳಿ ಮೋಡ. ಯಾರು ಎಂದು ಕೇಳಿದ ದನಿ ಮಾತ್ರ ಹಳೆಯದೇ. ಆ ದನಿಗೆ ವಿದ್ಯಾ ಈಗಲೂ ಅಂಜಿದಳು. ಆದರೂ ಮಗಳ ಕೈ ಹಿಡಿದು ಮುಂದೆ ನಡೆದಳು.

ಮುದುಕಿಯ ಬೆರಳುಗಳು ನಂದಿನಿಯ ಹಣೆ, ಕೆನ್ನೆ, ಮೂಗು ತಡವಿದವು.

"ಮೂಗು ಅರ್ಜುನಂದು…"

ನಂದಿನಿ ಹಿಂದೆ ಸರಿಯುತ್ತಿದ್ದವಳು ನಿಂತಳು. "ಆಯೀ, ನಿಮಗ ಕಾಣಸೂದಿಲ್ಲೇನು?" ಎಂದು ಕೇಳಿ, ತಾನೇ ಮುಖವನ್ನು ಹತ್ತಿರ ತಂದಳು. ಶೆಟ್ಟೆವ್ವ ಅಳಲಿಲ್ಲ. ಅವಳ ಗಂಟಲಿನಿಂದ ಹೊರಟ ಸದ್ದು ಅಳುವಿಗಿಂತ ಭಾರವಾಗಿತ್ತು.

ಶಾಲೆಗೆ ರಜೆ ಬಂದಾಗಲೆಲ್ಲ ತಾನೇ ಮಗಳನ್ನು ಕರೆತರುವುದಾಗಿ ವಿದ್ಯಾ ಹೇಳಿದಳು. ಗೇಟಿನಲ್ಲಿ ಮಾತ್ರ ಯಾರೂ ನಿಲ್ಲಬಾರದು. ಶೆಟ್ಟೆವ್ವ ತಲೆಯಾಡಿಸಿದಳು. ಆಮೇಲೆ, ಹೊರಗೆ ಅಣ್ಣ ನಿಂತಿದ್ದಾನಂತಲ್ಲ ಎಂದಳು.

ಈಗ ಹೇಳದಿದ್ದರೆ ಎಂದೂ ಇಲ್ಲ. ಹೇಳಿದರೆ ಈ ಮುದುಕಿ ಮಗುವನ್ನು ಬಿಟ್ಟುಕೊಡುತ್ತಾಳೋ ಇಲ್ಲವೋ… ಬಾಗಿಲಲ್ಲಿ ಮಾಲಿಂಗನ ನೆರಳು ಬಿದ್ದಿತ್ತು.

"ಅಂವ ನನಗ ಅಣ್ಣ ಅಲ್ಲ ಅತ್ತಿ."

ಮುದುಕಿ ದನಿ ಬಂದ ಕಡೆಗೆ ಮುಖ ತಿರುಗಿಸಿದಳು.

"ಅಲ್ಲ ಅಂತ ಅವಂಗ ಹೇಳಿಯೇನು?"

"ಇಲ್ಲ."

"ಮತ್ತ ನನ್ನ ಮುಂದ ಏನ ಹೇಳಾಕತ್ತಿ? ನಾ ಇಪ್ಪತ್ತೈದಕ್ಕ ಗಂಡನ್ನ ಕಳಕೊಂಡಾಕಿ, ಒಂಟಿ ಹಾಸಿಗಿ ನನಗ ಗೊತ್ತೈತಿ. ಹೋಗು, ಹೇಳು. ಮಾಲಿಂಗಾ, ದಾರಿ ಬಿಡು."

ನೆರಳು ಸರಿಯಿತು.

ಹೊರಗೆ ಲಖನ ವ್ಯಾನಿಗೆ ಒರಗಿ ನಿಂತಿದ್ದ. ಅವಳ ಒದ್ದೆ ಕಣ್ಣು ಕಂಡು ಗಾಬರಿಯಾದ.

"ಏನಾತ್ರಿ ಅಕ್ಕಾರ?"

"ಹೆಸರ ಹಿಡದ ಕರೀರಿ."

ಅವನಿಗೆ ಅರ್ಥವಾಗಲಿಲ್ಲ. ಸುತ್ತ ಕಾಕಾಗಳೇ ತುಂಬಿರುವಾಗ ಒಬ್ಬ ನಂಬಿಕಸ್ತನನ್ನು ಮಗಳಿಗೆ ಗುರುತು ಮಾಡಿಕೊಡಲು ಆ ಹೆಸರು ಕಲಿಸಿದ್ದಾಗಿ ಅವಳು ತೊದಲುತ್ತಾ ಹೇಳಿದಳು. ಅಣ್ಣನೆಂದು ಎಣಿಸಿ ಅಲ್ಲ. ಒಂದು ದಿನವೂ ಅಲ್ಲ.

ಲಖನ ಒರಗಿದ್ದ ವ್ಯಾನಿನಿಂದ ಸರಿದು ನೆಟ್ಟಗೆ ನಿಂತ.

"ಸರ್ಕಲ್ಲಿನ್ಯಾಗ ಎಲ್ಲಾರ ಮುಂದ ಅಣ್ಣ ಅಂದಬಿಟ್ಟೇನಿ. ಕಲ್ಲೋಳಿ ಮಂದಿ ನಗ್ತಾರ, ವಿದ್ಯಾ."

"ನಗಲಿ ಬಿಡ್ರಿ."

ಅವನು ಮುಂದಿನ ಬಾಗಿಲು ತೆರೆದ. ಅವಳಿಗಿಂತ ಮೊದಲು ನಂದಿನಿ ಹತ್ತಿ ಕೂತು, ಈ ಸೀಟು ನನ್ನದು ಎಂದು ಎರಡೂ ಕೈ ಚಾಚಿದಳು.

"ಮತ್ತ ನಾ ಎಲ್ಲಿ ಕುಂಡ್ರಲಿ?" ವಿದ್ಯಾ ಕೇಳಿದಳು.

ನಂದಿನಿ ಯೋಚಿಸಿದಳು. ಲಖನನನ್ನು ನೋಡಿದಳು, ಅವ್ವನನ್ನು ನೋಡಿದಳು.

"ನೀನೂ ಇಲ್ಲೇ ಬಾ. ನಾ ನಿನ್ನ ತೊಡಿ ಮ್ಯಾಲ ಕುಂಡ್ರತೇನಿ."