ಮೂರನೇ ಸಲ ಬಂದ ವೈರಸ್

“ನೇರವಾಗಿ ಕೇಳ್ತೀನಿ. ನೀವು ಬೇಕಂತಲೇ ಅರ್ಧ ರಿಪೇರಿ ಮಾಡಿ ಹೋಗ್ತಿದ್ದೀರಾ?”

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಕಂಪ್ಯೂಟರ್ ಮೆಕ್ಯಾನಿಕ್ ಹಾಗೇ ನಿಂತ. ಏನೋ ಹೇಳಲು ಹೋಗಿ ಕಣ್ಣು ತಗ್ಗಿಸಿದ. ಆ ಮೌನವನ್ನು ಅವಳು ತಪ್ಪೊಪ್ಪಿಗೆ ಎಂದೇ ತಿಳಿದಳು.

ಮನೆಯಲ್ಲೇ ಕೂತು ಪುಸ್ತಕಗಳನ್ನು ಟೈಪ್ ಮಾಡಿಕೊಡುವ ಅವಳನ್ನು ಪ್ರೆಸ್ಸಿನವರು ಅಕ್ಷರದಕ್ಕ ಎನ್ನುತ್ತಿದ್ದರು. ಅಮ್ಮ ತೀರಿಕೊಂಡ ಮೇಲೆ ಅಪ್ಪನನ್ನು ನೋಡಿಕೊಳ್ಳುತ್ತಾ, ಮದುವೆಯ ಮಾತನ್ನು ತೇಲಿಸುತ್ತಾ, ವಯಸ್ಸು ನಲವತ್ತರ ಹತ್ತಿರ ಬಂದಿತ್ತು. ಮನೆ ನಡೆಯುತ್ತಿದ್ದದ್ದೇ ಆ ಹಳೇ ಕಂಪ್ಯೂಟರಿನಿಂದ. ಅದಕ್ಕೆ ಶುರುವಾಗುವಾಗಲೇ ಕಾಡುವ ಬೂಟ್ ವೈರಸ್ ತಗುಲಿ, ಆನ್ ಮಾಡಿದರೆ ಕಪ್ಪು ಪರದೆಯಲ್ಲೇ ನಿಂತುಬಿಡುತ್ತಿತ್ತು. ಎರಡು ಸಲ ಅವನು ಬಂದು ಸರಿಮಾಡಿದ್ದ. ಮತ್ತೆ ಅದೇ ಗೋಳು.

ಹೋದ ಸಲ ಕೀಬೋರ್ಡ್ ಒರೆಸುತ್ತಾ ಅವನು ಕೇಳಿದ್ದ, “ಅಕ್ಷರಗಳೇ ಅಳಿಸಿಹೋಗಿವೆಯಲ್ಲ, ಹೇಗೆ ಟೈಪ್ ಮಾಡ್ತೀರಿ?”

“ಬೆರಳಿಗೆ ಗೊತ್ತಲ್ಲ.”

ಅವನ ನೋಟ ಅವಳ ಬೆರಳುಗಳ ಮೇಲೆ ಬಿದ್ದು, ಏಳಲು ಮರೆತಿತ್ತು. ಅವಳು ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಿದ್ದಳು. ಆಮೇಲೆ ಎಷ್ಟೋ ಹೊತ್ತು ಆ ಕೈಗಳು ತನ್ನವಲ್ಲವೇನೋ ಅನ್ನಿಸಿತ್ತು.

ಈಗ ಅವನು ಕುರ್ಚಿ ಎಳೆದುಕೊಂಡು ಮೆಲ್ಲಗೆ ಕೇಳಿದ, “ಇದನ್ನ ಬೇರೆ ಯಾರಾದ್ರೂ ಬಳಸ್ತಾರಾ?”

“ಯಾರಿದ್ದಾರೆ? ಅಪ್ಪನಿಗೆ ಇದರ ಗಂಧಗಾಳಿ ಗೊತ್ತಿಲ್ಲ.”

“ವೈರಸ್ ಇರೋ ಫ್ಲಾಪಿ ಒಳಗೇ ಉಳಿದಿದ್ದಾಗ ಆನ್ ಮಾಡಿದ್ರೆ, ಇದು ಮೊದಲು ಅದನ್ನೇ ಓದುತ್ತೆ. ವೈರಸ್ ಅಲ್ಲಿಂದ ಹಾರ್ಡ್ ಡಿಸ್ಕಿಗೆ ಹೋಗಿ ಕೂರುತ್ತೆ. ನೀವು ಕೊಟ್ಟ ಫ್ಲಾಪಿ ಎಲ್ಲಾ ನೋಡಿದ್ದೀನಿ. ನನ್ನ ಕಣ್ಣಿಗೆ ಬೀಳದ್ದು ಇನ್ನೊಂದು ಎಲ್ಲೋ ಇದೆ.”

ಒಳಕೋಣೆಯಿಂದ ಅಪ್ಪ ಗೋಡೆ ಹಿಡಿದು ಬಂದರು. ಕೈ ಅಂಗಿಯ ಜೇಬಿಗೆ ಹೋಯಿತು. ಹೊರಬಂದದ್ದು ಒಂದು ಫ್ಲಾಪಿ.

“ಅವರನ್ನ ಬೈಬೇಡ ಮಗಳೇ. ನೀನು ಪ್ರೆಸ್ಸಿಗೆ ಹೋದಾಗ ನಾನೇ ಹಾಕ್ತೀನಿ. ಒಮ್ಮೊಮ್ಮೆ ತೆಗೆಯೋದು ಮರೆತು, ಅದು ಒಳಗಿದ್ದಾಗಲೇ ಮತ್ತೆ ಆನ್ ಮಾಡಿಬಿಡ್ತೀನಿ. ಇದರಲ್ಲಿ ನಿಮ್ಮಮ್ಮನ ದನಿ ಇದೆ. ಹೇಗೆ ಕೇಳೋದು ಅಂತ ಅವಳೇ ಕಲಿಸಿಕೊಟ್ಟಿದ್ದಳು.”

“ನನಗೆ ಯಾಕಪ್ಪಾ ಹೇಳಲಿಲ್ಲ?”

“ವೈರಸ್ ಇರೋ ಫ್ಲಾಪಿ ಸಿಕ್ಕಿದ್ರೆ ಎಸೆದುಬಿಡಿ ಅಂದಿದ್ರಲ್ಲ ಇವರು. ಹೇಗೆ ಕೊಡಲಿ?”

ಮೆಕ್ಯಾನಿಕ್ ಎದ್ದು ನಿಂತು ಎರಡೂ ಕೈಯಲ್ಲಿ ಫ್ಲಾಪಿ ತೆಗೆದುಕೊಂಡ. “ಅವಸರದಲ್ಲಿ ಅಂದುಬಿಟ್ಟೆ ಯಜಮಾನ್ರೇ. ವೈರಸ್ ಕೂತಿರೋ ಜಾಗ ಬೇರೆ, ಅವರ ದನಿ ಇರೋ ಜಾಗ ಬೇರೆ. ದನಿ ಮುಟ್ಟದೆ ವೈರಸ್ ತೆಗೀಬಹುದು. ಆದ್ರೆ ಫ್ಲಾಪಿ ಹಳೇದು. ಪೂರ್ತಿ ಭರವಸೆ ಕೊಡಲಾರೆ.”

ಕಂಪ್ಯೂಟರನ್ನು ಪೂರ್ತಿ ಆಫ್ ಮಾಡಿ, ತಾನು ತಂದ ಶುದ್ಧ ಫ್ಲಾಪಿಯಿಂದ ಅದನ್ನು ಎಬ್ಬಿಸಿದ. ಆ ಫ್ಲಾಪಿಯ ಮೂಲೆಯ ಪುಟ್ಟ ಕಿಂಡಿ ತೆರೆದಿತ್ತು. ಹಾಗಿದ್ದರೆ ಅದರ ಮೇಲೆ ವೈರಸ್ ಕೂಡ ಏನನ್ನೂ ಬರೆಯಲಾರದು. ಮೊದಲು ಹಾರ್ಡ್ ಡಿಸ್ಕ್ ಶುದ್ಧವಾಯಿತು. ಆಮೇಲೆ ಅಪ್ಪನ ಫ್ಲಾಪಿ ಹಾಕಿ, ಬೇರೇನೂ ಮಾಡುವ ಮುಂಚೆ ದನಿಯನ್ನು ಕಾಪಿ ಮಾಡತೊಡಗಿದ.

ಡ್ರೈವ್ ಕರಕರ ಸದ್ದು ಮಾಡಿತು. ನಿಂತಿತು. ಮತ್ತೆ ಕರಕರ. ಅವಳ ಕೈ ಅವನ ಕುರ್ಚಿಯ ಬೆನ್ನನ್ನು ಹಿಡಿದಿದ್ದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಕಾಪಿ ಆಯಿತು. ಫ್ಲಾಪಿಯನ್ನೂ ಶುದ್ಧಮಾಡಿ, ಕಂಪ್ಯೂಟರನ್ನು ಮತ್ತೆ ಆನ್ ಮಾಡಿ, ಅವನು ಸ್ಪೀಕರಿನ ಗುಂಡಿ ತಿರುಗಿಸಿದ.

“ರೀ… ಕೇಳಿಸ್ತಿದೆಯಾ? ಇದು ರೆಕಾರ್ಡ್ ಆಗ್ತಿದೆಯೋ ಇಲ್ವೋ, ಒಂದೂ ತಿಳೀತಿಲ್ಲ.” ಹಿಂದೆಯೇ ಒಂದು ನಗು.

“ಆಗ್ತಿದೆ ಕಣೇ,” ಎಂದರು ಅಪ್ಪ.

ಅವಳು ಬಾಯಿಗೆ ಅಂಗೈ ಒತ್ತಿಕೊಂಡು ಅತ್ತಳು. ಅವನು ಅವಳತ್ತ ತಿರುಗಲಿಲ್ಲ. ಕಂಪ್ಯೂಟರನ್ನು ಮತ್ತೆ ಶುರುಮಾಡಿ ಅದರ ಸೆಟ್ಟಿಂಗ್ ಬದಲಿಸುತ್ತಾ, ತನ್ನಷ್ಟಕ್ಕೆ ಹೇಳಿಕೊಳ್ಳುವವನಂತೆ ಹೇಳಿದ, “ಇನ್ಮೇಲೆ ಇದು ಮೊದಲು ಹಾರ್ಡ್ ಡಿಸ್ಕನ್ನೇ ಓದುತ್ತೆ. ಫ್ಲಾಪಿ ಮರೆತು ಒಳಗೇ ಬಿಟ್ರೂ ಭಯ ಇಲ್ಲ.”

ಅಪ್ಪ ಒಳಗೆ ಹೋದರು. ಅವನು ಬ್ಯಾಗನ್ನು ಹೆಗಲಿಗೇರಿಸಿದ. “ಇನ್ನು ನನ್ನನ್ನ ಕರೆಯೋ ಅಗತ್ಯ ಬೀಳಲ್ಲ.”

“ನಾನು ಆಡಿದ ಮಾತು ತಪ್ಪಾಯ್ತು. ನೀವಾದ್ರೂ ಇಲ್ಲ ಅಂತ ಒಂದು ಮಾತು ಹೇಳಬಾರದಿತ್ತಾ?”

“ಹೇಗೆ ಹೇಳಲಿ? ಬೇಕಂತ ಮಾಡಲಿಲ್ಲ, ನಿಜ. ಆದ್ರೆ ಎರಡನೇ ಸಲ ನಿಮ್ಮ ಫೋನ್ ಬಂದಾಗ ಖುಷಿಯಾಯ್ತು. ಇವತ್ತು ಇನ್ನೂ ಹೆಚ್ಚು. ನಿಮ್ಮ ಕೆಲಸ ನಿಂತು ನೀವು ಒದ್ದಾಡ್ತಿದ್ರೆ ನಾನು ಖುಷಿಪಟ್ಟೆನಲ್ಲ ಅಂತ ನಾಚಿಕೆಯಾಗಿ ಬಾಯಿ ಕಟ್ಟಿಹೋಯ್ತು.”

ಅವಳು ತಲೆಯೆತ್ತಿದಾಗ ಕಣ್ಣು ಇನ್ನೂ ಒದ್ದೆಯಾಗಿತ್ತು.

“ನಾನು ಅಪ್ಪನ್ನ ಬಿಟ್ಟು ಎಲ್ಲಿಗೂ ಬರೋಳಲ್ಲ.”

“ಬರಬೇಡಿ,” ಅಂದ ಅವನು. “ನಾನೇ ಬರ್ತೀನಿ.”

ಅವಳು ಕೈ ಚಾಚಿ ಅವನ ಹೆಗಲಿಂದ ಬ್ಯಾಗ್ ಇಳಿಸಿಕೊಂಡಳು.