ಅಣ್ಣನ ಚೀಟಿಯಲ್ಲಿ ತಮ್ಮನ ಉಸಿರು

"ಊದಿ, ಊದಿ, ಊದಿ... ನಿಲ್ಲಿಸಬೇಡಿ, ಇನ್ನೂ ಊದಿ..."

ಅವಳು ಹೇಳಿದ್ದಲ್ಲ. ಅವಳ ದನಿಯಲ್ಲೇ, ಅವಳದೇ ರಾಗದಲ್ಲಿ, ಸಾಲಿನಲ್ಲಿ ನಿಂತಿದ್ದ ಪಾಲಿಶ್ ವಿಭಾಗದವನು ಹೇಳಿದ್ದು. ಕಲ್ಲಿನ ಕಾರ್ಖಾನೆಯ ಊಟದ ಕೋಣೆಯಿಡೀ ನಕ್ಕಿತು.

ಡಾಕ್ಟರ್ ಜೊತೆ ಆಸ್ಪತ್ರೆಯ ವ್ಯಾನಿನಲ್ಲಿ ಕಾರ್ಮಿಕರ ಶ್ವಾಸಕೋಶ ತಪಾಸಣೆಗೆ ಬಂದಿದ್ದ ಟೆಕ್ನಿಷಿಯನ್ ಅವಳು. ಮುಖ ಬಿಗಿದುಕೊಂಡೇ ಅವನ ಕೈಗೆ ಉಸಿರು ಅಳೆಯುವ ಮಷೀನಿನ ಕೊಳವೆ ಕೊಟ್ಟಳು. "ಬಾಯಿ ಬಡಾಯಿ ಸಾಕು. ಉಸಿರು ತೋರಿಸಿ."

"ನಿಮ್ಮನ್ನ ನೋಡಿ ಅದೇ ನಿಂತುಹೋಯ್ತಲ್ಲ ಮೇಡಂ."

ಪರದೆಯ ಮೇಲೆ ಗೆರೆ ಜಿಗಿಯಿತು, ನಡುವೆ ಸಣ್ಣದೊಂದು ತಗ್ಗು ಬಿದ್ದು ಇಳಿಯಿತು. ಒಳ್ಳೆಯ ಉಸಿರು. ಬಂದ ನಗುವನ್ನು ಅವಳು ಮಾಸ್ಕಿನೊಳಗೇ ಮುಚ್ಚಿಕೊಂಡಳು.

ಗಂಟೆ ಕಳೆದ ಮೇಲೆ ಕಲ್ಲು ಕೊಯ್ಯುವವರ ಸರದಿ. ಹುಬ್ಬಿನವರೆಗೂ ಬಿಳಿ ಧೂಳು ಮೆತ್ತಿದ್ದ ಒಬ್ಬಾತ ಕೆಮ್ಮುತ್ತಾ ಬಂದು, ತಪಾಸಣೆ ಚೀಟಿ ಕೊಟ್ಟು, ಗೊಗ್ಗರು ದನಿಯಲ್ಲಿ ಹೆಸರು ಹೇಳಿ, ಊದಿ, ಸರಸರ ಹೊರಟುಹೋದ.

ಅವಳು ಪರದೆ ನೋಡುತ್ತಲೇ ಉಳಿದಳು. ಚೀಟಿಯಲ್ಲಿರುವಂತೆ ಹದಿನಾರು ವರ್ಷ ಕಲ್ಲು ಕೊಯ್ದವನ ಉಸಿರು ಇಷ್ಟು ಚೆನ್ನಾಗಿರುತ್ತಾ? ಅದೂ ನಡುವೆ ಅದೇ ತಗ್ಗು... ಪಾಲಿಶ್ ವಿಭಾಗದವನ ಗೆರೆಯನ್ನೂ ಇದನ್ನೂ ಒಂದರ ಮೇಲೊಂದು ಇಟ್ಟಳು. ಅಚ್ಚು ಹಾಕಿದಂತೆ ಕೂತವು.

ಊಟದ ಬಿಡುವಿನಲ್ಲಿ ಪಾಲಿಶ್ ವಿಭಾಗದವನು ನಲ್ಲಿಯ ಕೆಳಗೆ ಮುಖ ತೊಳೆಯುತ್ತಿದ್ದ.

"ಪಾಲಿಶ್ ವಿಭಾಗದಲ್ಲಿ ನೀರು ಬಿಟ್ಕೊಂಡು ಕೆಲಸ ಮಾಡ್ತೀರಿ. ಈ ಒಣ ಧೂಳು ಎಲ್ಲಿಂದ ಬಂತು?"

ಅವನು ಹುಬ್ಬಿನ ಧೂಳನ್ನು ಇನ್ನೂ ಜೋರಾಗಿ ಉಜ್ಜಿದ.

"ನನ್ನನ್ನ ಅಣಕಿಸಿದ್ದು ಸಾಲ್ದು ಅಂತ ಮಷೀನಿನ ಹತ್ರಾನೂ ತಮಾಷೆನಾ?"

"ತಮಾಷೆ ಅಲ್ಲ ಮೇಡಂ. ಆ ಚೀಟಿಯವನು ನನ್ನ ಅಣ್ಣ. ನಾಲ್ಕು ಮೆಟ್ಟಿಲು ಹತ್ತಿದ್ರೆ ಕೂತ್ಬಿಡ್ತಾನೆ. ರಿಪೋರ್ಟ್ ಕೆಟ್ಟದಾಗಿ ಬಂದ್ರೆ ಕೆಲಸದಿಂದ ತೆಗೀತಾರೆ ಅಂತ ಕೈ ಹಿಡ್ಕೊಂಡು ಕೇಳಿದ. ಇಲ್ಲ ಅನ್ನೋಕೆ ಆಗ್ಲಿಲ್ಲ."

ಅವಳ ಸಿಟ್ಟು ಅರ್ಧ ದಾರಿಯಲ್ಲೇ ನಿಂತಿತು.

"ನಿಮ್ಮ ಉಸಿರು ಅವರ ಚೀಟಿಗೆ ಬರೆದ್ರೆ ನಾಳೆನೂ ಅವರು ಅದೇ ಧೂಳಿಗೆ ಹೋಗ್ತಾರೆ. ನೀವು ಕಾಪಾಡಿದ್ದು ಅಣ್ಣನನ್ನಲ್ಲ, ಕಾಯಿಲೆಯನ್ನ." ದನಿ ತಗ್ಗಿಸಿದಳು. "ಚೀಟಿ ಇನ್ನೂ ಕಳಿಸಿಲ್ಲ. ಮೂರು ಗಂಟೆಯೊಳಗೆ ಅವರನ್ನ ಕರ್ಕೊಂಡು ಬನ್ನಿ. ಧೂಳಿಲ್ಲದ ಕೆಲಸ ಕೊಡಿ ಅಂತ ಡಾಕ್ಟರ್ ಹತ್ರ ಬರೆಸ್ತೀನಿ. ಮ್ಯಾನೇಜರ್ ಒಪ್ಪೋವರೆಗೂ ನಾನು ವ್ಯಾನ್ ಹತ್ತಲ್ಲ."

ಎರಡೂವರೆಯಾಯಿತು. ಹತ್ತು ಸಲ ಬಾಗಿಲು ನೋಡಿದಳು. ತಾನು ಕಾಯುತ್ತಿರುವುದು ಅಣ್ಣನಿಗೋ, ತಮ್ಮನಿಗೋ? ಅವಳಿಗೇ ಕುತೂಹಲ.

ಮೂರಕ್ಕೆ ಐದು ನಿಮಿಷವಿರುವಾಗ ಅಣ್ಣನ ರಟ್ಟೆ ಹಿಡಿದು ಅವನು ಬಂದ. ಅಣ್ಣ ಊದಿದ. ಗೆರೆ ಏಳಲು ಹೆಣಗಿ ಅರ್ಧಕ್ಕೇ ಮಲಗಿತು. ತಮ್ಮ ಗೋಡೆಯತ್ತ ಮುಖ ತಿರುಗಿಸಿಕೊಂಡ.

ಡಾಕ್ಟರ್ ಜೊತೆ ಅವಳು ಮ್ಯಾನೇಜರ್ ಕೋಣೆಯಿಂದ ಹೊರಬಂದಾಗ ನಾಲ್ಕೂವರೆ.

"ನಾಳೆಯಿಂದ ಉಗ್ರಾಣದ ಕೆಲಸ. ಸಂಬಳ ಈಗಿನಷ್ಟೇ ಇರುತ್ತೆ. ನಾಳಿದ್ದು ಎಕ್ಸ್‌ರೇಗೆ ಆಸ್ಪತ್ರೆಗೆ ಬನ್ನಿ ಅಣ್ಣಾ."

ಅಣ್ಣ ಕೈಮುಗಿದ.

"ನಾನೂ ಬರ್ತೀನಿ," ಎಂದ ತಮ್ಮ.

"ಅವರಿಗೆ ದಾರಿ ಗೊತ್ತಿಲ್ವಾ?"

"ಗೊತ್ತು. ದಿನಾ ಬಂದ್ರೆ ನನಗೂ ಗೊತ್ತಾಗುತ್ತೆ."

"ದಿನಾ ಬರೋಕೆ ನಿಮಗೇನು ಕಾಯಿಲೆ?"

"ಇವತ್ತು ಬೆಳಿಗ್ಗೆ ಶುರುವಾಗಿದೆ." ಅವನ ದನಿ ಸಣ್ಣಗಾಯಿತು. "ನಿಮಗೆ ಇಷ್ಟ ಇಲ್ಲ ಅಂದ್ರೆ ಬರಲ್ಲ."

ಅವಳು ವ್ಯಾನಿನ ಬಾಗಿಲು ಹಿಡಿದು ನಿಂತಳು.

"ನಾಳಿದ್ದು ಐದಕ್ಕೆ ನನ್ನ ಕೆಲಸ ಮುಗಿಯುತ್ತೆ. ಅಣ್ಣನನ್ನ ಮನೆಗೆ ಬಿಟ್ಟು ಬನ್ನಿ."