ಗೋಡೆಯ ಮೇಲಿನ ಕೆಂಪು ಬ್ಯಾಗು

ಸುಧಾರಾಣಿ ತನ್ನ ಮನೆಯ ಮುಂದಿನ ಕಟ್ಟೆಯ ಮೇಲೆ ಇನ್ನೊಂದು ಕೊಡ ನೀರು ಸುರಿದಳು. ಕೂರಲು ಬಂದಿದ್ದ ಹೆಂಗಸರು ಸೀರೆಯ ಅಂಚು ಎತ್ತಿಕೊಂಡು ಹಿಂದೆ ಸರಿದರು.

“ನಿನ್ನೇನೂ ತೊಳದಿ, ಇವತ್ತೂ ತೊಳದಿ. ಈ ಹುಡುಗಿಗೆ ನಾವು ಬ್ಯಾಡಾಗೇವಿ ನಡೀರಿ,” ಎಂದಳು ಇಂದ್ರಾಬಾಯಿ. ಎಲ್ಲರೂ ಲಕ್ಷ್ಮಪ್ಪನ ಹಿಟ್ಟಿನ ಗಿರಣಿಯ ಕಡೆ ಹೊರಟರು.  ಅಜ್ಜಿ ರಾಮವ್ವ ಎಲೆಯಡಿಕೆಯ ಚೀಲ ಸೊಂಟಕ್ಕೆ ಸಿಗಿಸಿಕೊಂಡು, ಗೋಡೆ ಹಿಡಿದು ಹಿಡಿದು ಅವರ ಹಿಂದೆಯೇ ಹೋದಳು.

ಸುಧಾರಾಣಿಗೆ ಬೇಕಾಗಿದ್ದುದು ಕಟ್ಟೆಯ ಹಿಂದಿನ ಗೋಡೆ ಕಾಣುವುದಷ್ಟೇ. ತುಳಸಿಗೇರಿಯ ಆ ಕಟ್ಟೆಗೆ ಸಂಜೆಯಾದರೆ ಇಡೀ ಓಣಿಯೇ ಬರುತ್ತಿತ್ತು. ಯಾರ ಕುರಿ ಈಯಿತು, ಯಾರ ಮನೆಗೆ ಬೀಗರು ಬಂದರು, ಎಲ್ಲ ಅಲ್ಲೇ ತಿಳಿಯುತ್ತಿತ್ತು. ಇಷ್ಟು ಜನ ಸೇರುವ ಜಾಗವೆಂದೇ ಬಾಗಲಕೋಟೆಯ ಬ್ಯಾಗಿನ ಅಂಗಡಿಯ ನಜೀರಸಾಬರು ಅವಳ ಅಪ್ಪ ಬಂಡೆಪ್ಪನನ್ನು ಕೇಳಿ, ಗೋಡೆಗೆ ನೀಲಿ ಬಣ್ಣ ಹಚ್ಚಿಸಿದ್ದರು. ನಡುವೆ ದೊಡ್ಡದೊಂದು ಕೆಂಪು ಬ್ಯಾಗು, ಕೆಳಗೆ ಅಂಗಡಿಯ ಹೆಸರು. ಇದನ್ನು ನೋಡಿ ಗಿರಾಕಿ ಬಂದರೆ ಸುಧಾರಾಣಿಗೊಂದು ಜಿಪ್ಪಿನ ಬ್ಯಾಗು ಕೊಡುವೆನೆಂದು ಮಾತು ಕೊಟ್ಟಿದ್ದರು. ಅವಳು ಈಗ ಶಾಲೆಗೆ ಒಯ್ಯುತ್ತಿದ್ದುದು ಗೊಬ್ಬರದ ಚೀಲ ಕತ್ತರಿಸಿ ಹೊಲಿದ ಕೈಚೀಲ.

ಗಿರಾಕಿ ಮಾತ್ರ ಒಬ್ಬರೂ ಹೋಗಲಿಲ್ಲ. ರಸ್ತೆಯ ಆಚೆ ನಿಂತು ನೋಡಿದಾಗ ಅವಳಿಗೆ ಕಂಡದ್ದು ಬರೀ ತಲೆಗಳು, ಬೆನ್ನುಗಳು. ಕೆಂಪು ಬ್ಯಾಗಿನ ಮೇಲೆ ಅಜ್ಜಿಯ ತಲೆಯೆಣ್ಣೆಯ ಜಿಡ್ಡು ಗುಂಡಗೆ ಮೂಡಿತ್ತು. ಅಂದಿನಿಂದಲೇ, ಯಾರೂ ಕೂರದಿರಲೆಂದು, ಕಟ್ಟೆಗೆ ನೀರು ಸುರಿಯತೊಡಗಿದ್ದಳು.

ಶನಿವಾರ ಅಪ್ಪನ ತಮ್ಮ ರಾಜಕುಮಾರ ಕಾಕಾ ಬಂದ. ಅವನು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಕಾಲೇಜು ಓದುತ್ತಿದ್ದ. ಕಟ್ಟೆ ಯಾಕೆ ಖಾಲಿ ಎಂದು ಕೇಳಿದ. ಅವಳು ಎಲ್ಲ ಹೇಳಿದಳು. ಅವನಿಗೆ ನಗು ಬಂತು. ಇಂಟರ್‌ನೆಟ್‌ನಲ್ಲೂ ಇಂಥ ಕಟ್ಟೆಗಳಿವೆ, ಗೆಳೆಯರೆಲ್ಲ ಅಲ್ಲಿ ಸೇರಿ ಹರಟೆ ಹೊಡೆಯುತ್ತೇವೆ, ಫೋಟೋ ಹಾಕುತ್ತೇವೆ, ಎಲ್ಲ ಫ್ರೀ ಎಂದ. ಹಾಗಾದರೆ ಅದರ ಮಾಲೀಕ ಏನು ತಿಂದು ಬದುಕುತ್ತಾನೆ ಎಂದು ಅವಳು ಕೇಳಿದಳು. ಪಕ್ಕದಲ್ಲಿ ಜಾಹೀರಾತುಗಳು ಇರುತ್ತವೆ ಎಂದ ಕಾಕಾ.

“ನೀ ನೋಡ್ತಿಯೇನು ಅವನ್ನ?”

“ಎಲ್ಲಿ ನೋಡ್ತೇನಿ. ನಾ ಹೋಗೂದು ಗೆಳೆಯಾರ ಕೂಡ ಮಾತಾಡಾಕ.”

“ಮತ್ತ ಅಂವಗ ಲಾಭ ಹೆಂಗ?”

ರಾಜಕುಮಾರ ಗದ್ದ ಕೆರೆದುಕೊಂಡ. ಕ್ಲಾಸಿನಲ್ಲಿ ತಾವೂ ಅದನ್ನೇ ವಾದಿಸುತ್ತೇವೆ, ಯಾರಿಗೂ ಸರಿಯಾಗಿ ಗೊತ್ತಿಲ್ಲ ಎಂದ. ಅಂಥ ಒಂದು ವೆಬ್‌ಸೈಟಿನವನಂತೂ ಜಾಹೀರಾತನ್ನು ನಟ್ಟನಡುವೆಯೇ ತಂದಿಟ್ಟಿದ್ದನಂತೆ. ಅದನ್ನು ಮುಚ್ಚದೆ ಗೆಳೆಯರು ಬರೆದದ್ದು ಕಾಣುತ್ತಿರಲಿಲ್ಲ.

“ಏನಾತು ಆಮ್ಯಾಲ?”

“ಬ್ಯಾಸರಾಗಿ ನಾವೆಲ್ಲಾ ಬ್ಯಾರೇದಕ್ಕ ಹ್ವಾದ್ವಿ. ಈಗ ಅಲ್ಲಿ ಜಾಹೀರಾತು ಅಷ್ಟ ಅದಾವ. ನೋಡಾವ್ರು ಯಾರೂ ಇಲ್ಲ.”

ಸುಧಾರಾಣಿ ಗೋಡೆಯತ್ತ ತಿರುಗಿದಳು. ಸಂಜೆಯ ಬಿಸಿಲಿಗೆ ಕೆಂಪು ಬ್ಯಾಗು ಲಕಲಕ ಹೊಳೆಯುತ್ತಿತ್ತು. ಅದರ ಮುಂದೆ ಒಂದು ಕೋಳಿ ಮಣ್ಣು ಕೆದರುತ್ತಿತ್ತು.

ಅವಳು ಗಿರಣಿಗೆ ಹೋದಳು. ಯಂತ್ರದ ಸದ್ದಿನಲ್ಲಿ ಹೆಂಗಸರು ಒಂದೊಂದು ಮಾತನ್ನೂ ಎರಡೆರಡು ಸಲ ಹೇಳುತ್ತಿದ್ದರು. ಒರಗಲು ಏನೂ ಇಲ್ಲದೆ ರಾಮವ್ವ ಒಂದು ಕಲ್ಲಿನ ಮೇಲೆ ಸೊಂಟಕ್ಕೆ ಕೈ ಕೊಟ್ಟು ಕೂತಿದ್ದಳು.

“ಆಯಿ, ಕಟ್ಟಿ ಒಣಗೇತಿ. ಎಲ್ಲಾರೂ ಬರ್ರಿ,” ಎಂದಳು ಸುಧಾರಾಣಿ.

“ಮತ್ತ ನಿನ್ನ ಬ್ಯಾಗು?” ಎಂದಳು ಅಜ್ಜಿ.

ಸುಧಾರಾಣಿ ಅವಳನ್ನು ಕಲ್ಲಿನ ಮೇಲಿಂದ ಎಬ್ಬಿಸಿದಳು. ಅಜ್ಜಿಯ ಕೈ ತನ್ನ ಹೆಗಲ ಮೇಲೆ ಹಾಕಿಕೊಂಡಳು.

ಮನೆಗೆ ಬಂದ ರಾಮವ್ವ ಗೋಡೆಯ ಮೇಲಿನ ಬ್ಯಾಗು ಮರೆಯಾಗಬಾರದೆಂದು ಕಟ್ಟೆಯ ತುದಿಯಲ್ಲೇ ಕೂತಳು.

“ಹಿಂದಕ್ಕ ಸರಿ ಆಯಿ,” ಎಂದಳು ಸುಧಾರಾಣಿ.

ಬೆನ್ನು ಗೋಡೆಗೆ ತಾಗಿದಾಗ ಅಜ್ಜಿ ಉದ್ದಕ್ಕೆ ಉಸಿರುಬಿಟ್ಟಳು. ಹಿಂದೆಯೇ ಬಂದ ಹೆಂಗಸರೂ ಕೂತರು. ಗಿರಣಿಯಲ್ಲಿ ಅರ್ಧಕ್ಕೆ ನಿಂತಿದ್ದ ಮಾತನ್ನು ಇಂದ್ರಾಬಾಯಿ ಎತ್ತಿಕೊಂಡಳು: ನಿನ್ನೆ ಹುಟ್ಟಿದ ಒಂದು ಕುರಿಮರಿ ಇನ್ನೂ ಹಾಲು ಕುಡಿದಿರಲಿಲ್ಲವಂತೆ.

ಸುಧಾರಾಣಿ ಅವರ ನಡುವೆ ತೂರಿ, ಗೋಡೆಗೆ ಒರಗಿ ಕೂತು ಕೇಳಿದಳು: “ಯಾರ ಮನಿ ಮರಿ?”